ಡಿಸಿಯಲ್ಲಿ ಮನೆ ಹಿಡಿಯೋ ಮುಂಚೆ ನಂಬರ್ ಪ್ಲೇಟ್ ಓದಿ

ಎಲ್ಲರಿಗೂ ನಮಸ್ಕಾರ. ಮೈಸೂರಿಂದ ಬರ್ತಿರೋ ಮೇಡಂ ಕೇಳಿದ್ದು, ವಾಷಿಂಗ್ಟನ್ ಡಿಸಿ ಒಳಗೇ ಮನೆ ಹಿಡಿಯೋದಾ ಇಲ್ಲ ವರ್ಜೀನಿಯಾ ಕಡೆನಾ ಅಂತ. ಶಾಲೆ, ಬಾಡಿಗೆ, ಮೆಟ್ರೋ, ಇಂಡಿಯನ್ ಅಂಗಡಿ ಎಲ್ಲದರ ಬಗ್ಗೆಯೂ ನೀವೆಲ್ಲ ಬರೆದಾಗಿದೆ. ಹನ್ನೊಂದು ವರ್ಷದಿಂದ ಡಿಸಿ ಒಳಗೇ ಇರೋ ನಾನು ಬೇರೆ ಒಂದು ಮಾತು ಸೇರಿಸ್ತೀನಿ. ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೊಳ್ಳಿ.

ಮಗನನ್ನು ಕನ್ನಡ ತರಗತಿಗೆ ಮೇರಿಲ್ಯಾಂಡ್‌ಗೆ ಕರ್ಕೊಂಡು ಹೋಗ್ತೀನಿ. ಚಿಕ್ಕವನಿದ್ದಾಗ ಅಲ್ಲಿನ ಪಾರ್ಕಿಂಗ್‌ನಲ್ಲಿ ನಿಂತು ಕೇಳಿದ್ದ: "ಅಪ್ಪ, ನಮ್ಮ ಕಾರಿನ ಪ್ಲೇಟ್ ಮೇಲೆ ಮಾತ್ರ ಯಾಕೆ ಜಗಳ ಬರೆದಿದೆ?" ಪ್ರಾತಿನಿಧ್ಯ ಕೊಡದೆ ತೆರಿಗೆ ವಸೂಲಿ ಮಾಡೋದು ನಿಲ್ಲಿಸಿ ಅನ್ನೋ ಅರ್ಥದ ಸಾಲು ಅದು. ಆಗ ಏನೋ ಹೇಳಿ ಸಾಗಹಾಕಿದೆ. 2023ರಲ್ಲಿ ಸರಿಯಾದ ಉತ್ತರ ತಾನಾಗಿಯೇ ಸಿಕ್ಕಿತು.

ಡಿಸಿಯ ಕ್ರಿಮಿನಲ್ ಕಾನೂನು 1901ರದ್ದು, ಆಮೇಲಿನದ್ದೆಲ್ಲ ತೇಪೆ. ಅದನ್ನು ಹೊಸದಾಗಿ ಬರೆಯೋಕೆ ಅಂತಲೇ ಒಂದು ಆಯೋಗ ವರ್ಷಗಟ್ಟಲೆ ಕೂತಿತ್ತು. 2022ರ ನವೆಂಬರ್‌ನಲ್ಲಿ ಸಿಟಿ ಕೌನ್ಸಿಲ್ ಒಮ್ಮತದಿಂದ ಪಾಸು ಮಾಡಿತು. ಮೇಯರ್ ಮ್ಯೂರಿಯಲ್ ಬೌಸರ್ ವೀಟೋ ಹಾಕಿ ತಡೆದರು. ಕೌನ್ಸಿಲ್ 12-1ರಲ್ಲಿ ಆ ವೀಟೋನೂ ದಾಟಿತು. ಇಲ್ಲಿವರೆಗೆ ಮನೆಯೊಳಗಿನ ಜಗಳ.

ಆದರೆ ಡಿಸಿ ರಾಜ್ಯವಲ್ಲ. ಊರಿಗೆ ಸ್ವಂತ ಆಡಳಿತ ಕೊಟ್ಟ 1973ರ ಹೋಮ್ ರೂಲ್ ಕಾಯ್ದೆ ಪ್ರಕಾರ ಕೌನ್ಸಿಲ್ಲಿನ ಕಾನೂನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮುಂದೆ ಹೋಗಿ ಕಾಯಬೇಕು. ಕ್ರಿಮಿನಲ್ ಕಾನೂನಾದರೆ ಕಲಾಪದ 60 ದಿನ. ಆ ಅವಧಿಯಲ್ಲೇ ಕೆಳಮನೆ 250-173ರಲ್ಲಿ ಇದನ್ನು ತಿರಸ್ಕರಿಸಿತು, ಆಗಿನ ಅಧ್ಯಕ್ಷ ಬೈಡನ್ ಅವರದೇ ಪಕ್ಷದ 31 ಡೆಮಾಕ್ರಟರೂ ಕೈಜೋಡಿಸಿದರು. ಮೊದಲು ಡಿಸಿ ಪರ ನಿಂತಿದ್ದ ಬೈಡನ್, ಮಾರ್ಚ್ ಬಂದಾಗ ನಾನು ವೀಟೋ ಹಾಕಲ್ಲ ಅಂದರು. ಕೌನ್ಸಿಲ್ ಅಧ್ಯಕ್ಷ ಫಿಲ್ ಮೆಂಡಲ್ಸನ್ ಗಾಬರಿಯಾಗಿ ಕಾಯ್ದೆಯನ್ನೇ ವಾಪಸ್ ತಗೋತೀವಿ ಅಂತ ಪತ್ರ ಬರೆದರು. ಹಾಗೆ ವಾಪಸ್ ತಗೊಳ್ಳೋದೂ ಇವರ ಕೈಯಲ್ಲಿರಲಿಲ್ಲ! ಮೇಲ್ಮನೆಯಾದ ಸೆನೆಟ್ 81-14ರಲ್ಲಿ ಕಿತ್ತುಹಾಕಿತು, ಮಾರ್ಚ್ 20ಕ್ಕೆ ಬೈಡನ್ ಸಹಿ ಬಿತ್ತು. ಡಿಸಿಯ ಕಾನೂನೊಂದನ್ನು ಹೀಗೆ ರದ್ದು ಮಾಡಿದ್ದು 1991ರ ನಂತರ ಅದೇ ಮೊದಲು.

ನಿಜ ಹೇಳಬೇಕು, ಆ ಕಾನೂನಿನ ಬಗ್ಗೆ ನನಗೂ ಅಳುಕಿತ್ತು. ಆಯುಧ ತೋರಿಸಿ ಕಾರು ಕಸಿದುಕೊಂಡರೆ ಗರಿಷ್ಠ ಶಿಕ್ಷೆ 40 ವರ್ಷದಿಂದ 24ಕ್ಕೆ ಇಳೀತಿತ್ತು. ನಮ್ಮ ಬೀದಿಯಲ್ಲೇ ಒಬ್ಬರ ಕಾರು ಹೋಗಿತ್ತು. 2023ರಲ್ಲಿ ಊರಲ್ಲಿ 274 ಕೊಲೆ ಆದವು. "24 ಅಂದರೂ ಕೋರ್ಟು ನಿಜವಾಗಿ ಕೊಡೋದಕ್ಕಿಂತ ಜಾಸ್ತೀನೇ ಅಲ್ವಾ" ಅಂತ ನನ್ನ ಹೆಂಡತಿ ವಾದ. ಊಟದ ಟೇಬಲ್ ಮೇಲೆ ಇದೇ ರಾಮಾಯಣ ನಡೀತಿತ್ತು. ಮುಂದೆ 2024ರಲ್ಲಿ ಇದೇ ಕೌನ್ಸಿಲ್ ತಾನೇ ಒಂದು ಬಿಗಿಯಾದ ಕಾನೂನು ತಂತು, ಯಾರೂ ಕಿವಿ ಹಿಂಡದೆ. ಕೌನ್ಸಿಲ್ಲರ್ ತಪ್ಪು ಮಾಡಿದರೆ ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸಬಹುದು. ಆ 81 ಸೆನೆಟರ್‌ಗಳಲ್ಲಿ ಒಬ್ಬರನ್ನೂ ನಾವು ಆರಿಸಿಲ್ಲ, ಸೋಲಿಸೋಕೂ ಆಗಲ್ಲ.

ದೆಹಲಿಯಲ್ಲೂ ಪೊಲೀಸರು ಕೇಂದ್ರದ ಕೈಯಲ್ಲೇ ಇದ್ದಾರಲ್ಲ ಅಂತ ಇಲ್ಲಿ ಒಬ್ಬರು ಬರೆದಿದ್ದರು. ಹೌದು ಸರ್, ಆದರೆ ದೆಹಲಿಯವರು ಲೋಕಸಭೆಗೆ 7 ಜನರನ್ನು ಕಳಿಸ್ತಾರೆ, ರಾಜ್ಯಸಭೆಗೂ 3 ಜನ ಹೋಗ್ತಾರೆ. ಸುಮಾರು 7 ಲಕ್ಷ ಜನರಿರೋ ಡಿಸಿಗೆ ಕೆಳಮನೆಯಲ್ಲಿ ಒಬ್ಬ ಪ್ರತಿನಿಧಿ. ಅವರು ಮಾತಾಡಬಹುದು, ಮಸೂದೆ ಮೇಲಿನ ಅಂತಿಮ ಮತ ಹಾಕೋ ಹಾಗಿಲ್ಲ. ಸೆನೆಟ್‌ನಲ್ಲಿ ಯಾರೂ ಇಲ್ಲ.

ಎಚ್-1ಬಿ ಕೆಲಸದ ವೀಸಾ ಮೇಲೆ ಇರೋರಿಗೆ ಹೇಗೂ ಮತ ಇಲ್ಲವಲ್ಲ ಅಂದ್ಕೋಬೇಡಿ. ಪೌರತ್ವ ಇಲ್ಲದ ನಿವಾಸಿಗಳೂ ಮೇಯರ್, ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು ಅಂತ ಡಿಸಿ ಅದೇ 2022ರಲ್ಲಿ ಇನ್ನೊಂದು ಕಾನೂನು ಮಾಡಿತ್ತು. ಕೆಳಮನೆ ಅದೇ ದಿನ ಅದನ್ನೂ ತಿರಸ್ಕರಿಸಿತು, ಸೆನೆಟ್ ಮಾತ್ರ ಮುಟ್ಟಲಿಲ್ಲ, ಹಾಗಾಗಿ ಉಳೀತು. ಆದರೆ ಮೇಡಂ, ಮುಂದೆ ಪೌರತ್ವದ ಅರ್ಜಿಯಲ್ಲಿ ಮತದ ಬಗ್ಗೆ ಪ್ರಶ್ನೆ ಬರತ್ತೆ. ವಲಸೆ ವಕೀಲರನ್ನು ಕೇಳದೆ ಹೆಸರು ನೋಂದಾಯಿಸಲೇಬೇಡಿ.

ಹದಿಹರೆಯದ ಮಕ್ಕಳಿರೋರು ಇದನ್ನೂ ಗಮನಿಸಿ. ಇಲ್ಲಿ ಕೊಲೆಯಂಥ ಘೋರ ಅಪರಾಧಕ್ಕೆ 16 ದಾಟಿದವರನ್ನು ದೊಡ್ಡವರ ಹಾಗೆ ವಿಚಾರಣೆ ಮಾಡಬಹುದು. ಆ ತೀರ್ಮಾನ ಕೇಂದ್ರ ಸರ್ಕಾರದ ವಕೀಲರದ್ದು, ಊರಿನವರದ್ದಲ್ಲ. ಆ ವಯಸ್ಸನ್ನು 14ಕ್ಕೆ ಇಳಿಸೋ ಮಸೂದೆಯನ್ನು ಕೆಳಮನೆ 2025ರ ಸೆಪ್ಟೆಂಬರ್‌ನಲ್ಲಿ ಪಾಸು ಮಾಡಿತು. ನಮ್ಮ ಮಗನಿಗೆ ಈಗ 14. ಅವನು ಪುಸ್ತಕದ ಹುಳು, ಹೆದರಿಕೆ ಅದಲ್ಲ. ಈ ವಿಷಯಕ್ಕೆ ಯಾರಿಗೆ ಫೋನ್ ಮಾಡೋದು ಅಂತ ಅವನೇ ಕೇಳಿದ. ವರ್ಜೀನಿಯಾದಲ್ಲಿರೋ ಅವನ ಗೆಳೆಯ ತನ್ನ ಸೆನೆಟರ್ ಕಚೇರಿಗೆ ಮಾಡ್ತಾನೆ. ನಮಗೆ ಸೆನೆಟರೇ ಇಲ್ಲ, ನಾವು ಮ್ಯಾಪ್ ತೆಗೆದು ನೋಡಿದೆವು.

ಹಾಗಂತ ಡಿಸಿಗೆ ಬರಬೇಡಿ ಅಂತಿಲ್ಲ. ಮೂರು ವರ್ಷದ ಮಗುವಿಗೂ ಸರ್ಕಾರಿ ಶಾಲೆ ಪುಕ್ಕಟೆ, ಬಹಳಷ್ಟು ಮ್ಯೂಸಿಯಂಗಳು ಪುಕ್ಕಟೆ, ಮಗ ಒಬ್ಬನೇ ಮೆಟ್ರೋದಲ್ಲಿ ಓಡಾಡ್ತಾನೆ. ಹೆಂಡತಿ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ ಮನೆ ನೋಡೋಣ ಅಂತಾಳೆ, ಮಗ ಒಪ್ಪಲ್ಲ, ನಾನು ನಡುವೆ. ಮೇಡಂ, ಮನೆ ನೋಡೋಕೆ ಬಂದಾಗ ತಿಳಿಸಿ, ನಾನೇ ಕರ್ಕೊಂಡು ಹೋಗ್ತೀನಿ. ಕಾರಿನ ಪ್ಲೇಟ್ ನೋಡಿದರೆ ಗುರುತು ಸಿಗತ್ತೆ.