ಎಂಟು ಜಿಬಿಗೆ ಚಿಕ್ಕಪ್ಪನ ದುಡ್ಡು

ಮನೆಯವರ ವಾಟ್ಸಾಪ್ ಗುಂಪು, ಜೂನ್ 2025

ಪುಟ್ಟ: (ಚಿತ್ರ) ಎಸ್.ಪಿ. ರಸ್ತೆಯ ಅಂಗಡಿಯವರು ಕಳುಹಿಸಿದ ದರಪಟ್ಟಿ. ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡು ಬಂದಿದೆ, 31,500 ರೂಪಾಯಿ. ಅಪ್ಪ, ಫಲಿತಾಂಶ ಬಂದ ಮೇಲೆ ನೋಡೋಣ ಎಂದಿದ್ದಿರಿ. ಫಲಿತಾಂಶ ಬಂತು.

ಚಿಕ್ಕಪ್ಪ: ನೋಡೋಣ ಎಂದರೆ ಕೊಡಿಸುತ್ತೇನೆ ಎಂದಲ್ಲ. ಈಗಿರುವ ಕಾರ್ಡಿಗೆ ಏನಾಗಿದೆ?

ಪುಟ್ಟ: ಅದು 3060. 2021ರಲ್ಲಿ ಬಂದದ್ದು. ನಡುವೆ 40ರ ಸರಣಿ ಬಂದು ಹೋಯಿತು. ಹೊಸದರಲ್ಲಿ ಡಿಎಲ್‌ಎಸ್‌ಎಸ್ 4 ಎಂಬ ಕೃತಕ ಬುದ್ಧಿಮತ್ತೆಯ ತಂತ್ರ ಇದೆ, ಆಟದ ಒಂದು ಫ್ರೇಮ್ (ಒಂದು ಚಿತ್ರ) ಇದ್ದಲ್ಲಿ ನಾಲ್ಕು ಕಾಣುತ್ತದೆ. 5070 ಕಾರ್ಡು 40ರ ಸರಣಿಯ ಅತಿ ದೊಡ್ಡ ಕಾರ್ಡಾದ 4090ಕ್ಕೆ ಸಮ ಎಂದು ಇದನ್ನು ಮಾಡುವ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರೇ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ವೇದಿಕೆ ಮೇಲೆ ನಿಂತು ಹೇಳಿದ್ದಾರೆ.

ನಾನು: ಹೇಳಿದ್ದು ನಿಜ. ಕೃತಕ ಬುದ್ಧಿಮತ್ತೆ ಇಲ್ಲದಿದ್ದರೆ ಇದು ಅಸಾಧ್ಯ ಎಂದೂ ಅದರ ಬೆನ್ನಿಗೇ ಹೇಳಿದರು. ನಿನ್ನಂಥವರ ಕಿವಿಗೆ ಮೊದಲರ್ಧ ಮಾತ್ರ ಬಿತ್ತು. ಕಾರ್ಡು ನಿಜವಾಗಿ ಚಿತ್ರಿಸುವುದು ಒಂದು ಫ್ರೇಮನ್ನು. ಉಳಿದ ಮೂರನ್ನು ಎರಡು ನಿಜ ಫ್ರೇಮುಗಳ ನಡುವೆ ಊಹಿಸಿ ತುಂಬುತ್ತದೆ. ನೀನು ಮೌಸ್ ಒತ್ತಿದ್ದು ಆ ಮೂರಕ್ಕೆ ಗೊತ್ತೇ ಇರುವುದಿಲ್ಲ. ಮೂಲದಲ್ಲಿ ಸೆಕೆಂಡಿಗೆ 30 ಫ್ರೇಮ್ ಬರುತ್ತಿದ್ದರೆ ತೆರೆಯ ಮೇಲೆ ನೂರರ ಮೇಲೆ ತೋರಿಸಬಹುದು, ಆದರೆ ಕೈಗೆ ತಿಳಿಯುವುದು ಆ ಮೂವತ್ತರ ಜಡತನವೇ. ಮೊದಲೇ 70-80 ಬರುತ್ತಿದ್ದು, 240 ಹರ್ಟ್ಸ್ ಮಾನಿಟರ್ ಇಟ್ಟುಕೊಂಡವರಿಗೆ ಅದರಿಂದ ಪ್ರಯೋಜನವಿದೆ. ನಿನ್ನದು 75 ಹರ್ಟ್ಸ್, ಸೆಕೆಂಡಿಗೆ 75 ಚಿತ್ರಕ್ಕಿಂತ ಹೆಚ್ಚು ತೋರಿಸದು.

ಪುಟ್ಟ: (ಈ ಸಂದೇಶವನ್ನು ಅಳಿಸಲಾಗಿದೆ)

ಚಿಕ್ಕಪ್ಪ: ನಾನು ಓದಿ ಆಯಿತು. ಮಾನಿಟರನ್ನೂ ಆಮೇಲೆ ಬದಲಿಸುತ್ತೀಯೋ?

ಅತ್ತೆ: ಭಾನುವಾರ ಸತ್ಯನಾರಾಯಣ ಪೂಜೆಗೆ ಯಾರು ಯಾರು ಬರುತ್ತೀರಿ ಎಂದು ಕೇಳಿದ್ದೆ. ಮೇಲೆ ಎಲ್ಲೋ ಹೋಯಿತು.

ಭಾವ: ನಾವು ಡಿಸೆಂಬರಿಗೇ ಬರುವುದು ಅತ್ತೆ. ಪುಟ್ಟ, ನಿಮ್ಮಣ್ಣ ಯಾವ ಹೊಸ ವಸ್ತು ಬಂದರೂ ತಣ್ಣೀರು ಎರಚುತ್ತಾನೆ, ತಲೆ ಕೆಡಿಸಿಕೊಳ್ಳಬೇಡ. ಇಲ್ಲಿ ಅಮೆರಿಕದಲ್ಲಿ 5060ಕ್ಕೆ 299 ಡಾಲರ್. ಬರುವಾಗ ತಂದುಕೊಡುತ್ತೇನೆ.

ನಾನು: ತರುವುದೇನೋ ತರಬಹುದು ಭಾವ. ಆದರೆ ಹಲವು ತಯಾರಕರ ವಾರಂಟಿ ಕೊಂಡ ದೇಶಕ್ಕೆ ಮಾತ್ರ. ಕೆಟ್ಟರೆ ಅದನ್ನು ಮತ್ತೆ ಸ್ಯಾನ್ ಹೋಸೆಗೆ ಕಳುಹಿಸಬೇಕಾದೀತು. ನನ್ನ ಮುಖ್ಯ ತಕರಾರು ಬೇರೆ. 40ರ ಸರಣಿ, 50ರ ಸರಣಿ ಎರಡೂ ಚಿಪ್ಪು ತಯಾರಿಸುವ ಕಂಪನಿ ಟಿಎಸ್‌ಎಂಸಿಯ ಒಂದೇ 4ಎನ್ ವಿಧಾನದಲ್ಲಿ ತಯಾರಾದ ಚಿಪ್ಪುಗಳು. ಹಾಗಾಗಿ ಹಿಂದಿನಂತೆ ಚಿಪ್ಪು ಕುಗ್ಗಿ ವೇಗ ಹಿಗ್ಗುವ ಲಾಭ ಈ ಸಲ ಇಲ್ಲ. 4080 ಸೂಪರ್‌ನಲ್ಲಿ 10,240 ಕೋರ್ (ಲೆಕ್ಕ ಮಾಡುವ ಘಟಕ) ಇದ್ದವು, 5080ರಲ್ಲಿ 10,752. ವಿದ್ಯುತ್ ಮಾತ್ರ 320ರಿಂದ 360 ವ್ಯಾಟ್‌ಗೆ ಏರಿತು. 5070ರಲ್ಲಿ 6,144 ಕೋರ್. ಹಿಂದಿನ 4070 ಸೂಪರ್‌ನಲ್ಲಿ 7,168 ಇದ್ದವು! ಜಿಡಿಡಿಆರ್7 ಮೆಮೊರಿಯ ವೇಗದಿಂದ ಮರ್ಯಾದೆ ಉಳಿದಿದೆ. ಮೇಲಾಗಿ ಹಳೆಯ ಆಟಗಳಲ್ಲಿ ಹೊಗೆ, ಚೂರುಗಳ ಚಲನೆಯನ್ನು ಲೆಕ್ಕ ಹಾಕುವ 32 ಬಿಟ್ ಫಿಸ್‌ಎಕ್ಸ್ ತಂತ್ರದ ಬೆಂಬಲವನ್ನು ಈ ಸರಣಿಯಲ್ಲಿ ತೆಗೆದುಹಾಕಿದ್ದಾರೆ. ಪುಟ್ಟ ಇನ್ನೂ ಬಾರ್ಡರ್‌ಲ್ಯಾಂಡ್ಸ್ 2 ಆಡುತ್ತಾನೆ, ಅವನನ್ನೇ ಕೇಳಿ.

ಭಾವ: ಇದೆಲ್ಲ 40ರ ಸರಣಿ ಇಟ್ಟುಕೊಂಡವರಿಗೆ ಹೇಳುವ ಮಾತು. ಪುಟ್ಟನ ಹತ್ತಿರ ಇರುವುದು 30ರದು. ಎರಡು ಮೆಟ್ಟಿಲು ಹತ್ತುವವನಿಗೆ ಒಂದು ಮೆಟ್ಟಿಲಿನ ಲೆಕ್ಕ ಯಾಕೆ ಒಪ್ಪಿಸುತ್ತೀಯ?

ಪುಟ್ಟ: ಭಾವ 👏

ನಾನು: ಸರಿ, ಅವನ ಪೆಟ್ಟಿಗೆಯನ್ನೇ ಬಿಚ್ಚೋಣ. ಅವನ 3060ರಲ್ಲಿ 12 ಜಿಬಿ ಮೆಮೊರಿ ಇದೆ. ಪಟ್ಟಿಯಲ್ಲಿರುವ 5060ರಲ್ಲಿ 8 ಜಿಬಿ. ನಾಲ್ಕು ವರ್ಷ ಕಾದು, ಮೂವತ್ತೊಂದೂವರೆ ಸಾವಿರ ಕೊಟ್ಟು, ಇದ್ದದ್ದರಲ್ಲಿ ಮೂರನೇ ಒಂದು ಭಾಗ ಕಳೆದುಕೊಳ್ಳುವುದು! ಇನ್ನೊಂದು ವಿಷಯ: ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಗಳಲ್ಲಿ 5060 ಎಂಟು ಪಿಸಿಐಇ ಲೇನ್‌ಗಳನ್ನು ಮಾತ್ರ ಬಳಸುತ್ತದೆ. ಹೊಸ ಮದರ್‌ಬೋರ್ಡಿನಲ್ಲಿ ಅದು ಗೊತ್ತಾಗುವುದಿಲ್ಲ. ಪುಟ್ಟನದು ಬಿ450 ಬೋರ್ಡು, ಅಂದರೆ ಹಳೆಯ, ನಿಧಾನದ ಪಿಸಿಐಇ 3.0. ಎಂಟು ಜಿಬಿ ತುಂಬಿ ಉಕ್ಕಿದ್ದು ಆ ಸಣ್ಣ ದಾರಿಯಲ್ಲೇ ಕಂಪ್ಯೂಟರಿನ ರ‍್ಯಾಮ್‌ಗೆ ಹೋಗಿ ಬರಬೇಕು. ಆಟ ಅಲ್ಲೇ ತಡವರಿಸುತ್ತದೆ. ಈ ಕಾರ್ಡು ಮೇ 19ರಂದು ಮಾರಾಟಕ್ಕೆ ಬರುವ ತನಕ ಬಹುಪಾಲು ವಿಮರ್ಶಕರಿಗೆ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನೇ ಕೊಟ್ಟಿರಲಿಲ್ಲ. ಮದುವೆ ಮುಗಿಯುವ ತನಕ ವಧುವನ್ನು ತೋರಿಸದ ಮನೆಯ ಮೇಲೆ ನನಗೆ ಅನುಮಾನ ಬರುತ್ತದೆ.

ಅಕ್ಕ: ಈ ಹೋಲಿಕೆ ಬೇಡವಾಗಿತ್ತು.

ಪುಟ್ಟ: ಅಣ್ಣ, ನಾನು ಆಟಕ್ಕಷ್ಟೇ ಕೇಳುತ್ತಿಲ್ಲ. ಪ್ರಾಜೆಕ್ಟಿಗೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಬೇಕು. ಅದರ ರೆಂಡರ್ (ಅಂತಿಮ ಚಿತ್ರ ಮೂಡಿಸುವ ಲೆಕ್ಕ) ಇಡೀ ರಾತ್ರಿ ಓಡುತ್ತದೆ.

ನಾನು: ಹಾಗಾದರೆ ರೆಂಡರ್ ಹಾಕಿ, ಮೆಮೊರಿ ಎಷ್ಟು ತುಂಬುತ್ತದೆ ಎಂದು ಟಾಸ್ಕ್ ಮ್ಯಾನೇಜರಿನಲ್ಲಿ ನೋಡು. ಆಮೇಲೆ ನಿನ್ನ ಆಟ ತೆರೆದು, ಕಾರ್ಡಿನ ಬಳಕೆ ಶೇಕಡ ಎಷ್ಟು ಎಂದು ನೋಡು. ಎರಡೂ ಅಂಕಿಗಳನ್ನು ಇಲ್ಲಿ ಹಾಕು. ಅಲ್ಲಿಯ ತನಕ ಯಾರೂ ಮಾತನಾಡುವುದು ಬೇಡ.

ಚಿಕ್ಕಪ್ಪ: ಈ ಮಾತು ಒಪ್ಪಿದೆ.

ಅತ್ತೆ: ಹಾಗಾದರೆ ಪೂಜೆಯ ವಿಷಯ ಹೇಳಿ.

ಪುಟ್ಟ: ರೆಂಡರ್‌ನಲ್ಲಿ 10.4 ಜಿಬಿ. ಆಟದಲ್ಲಿ ಕಾರ್ಡಿನ ಬಳಕೆ ಶೇಕಡ 65ರ ಆಸುಪಾಸು. ಫ್ರೇಮ್ ಮಾತ್ರ ಅಷ್ಟಕ್ಕಷ್ಟೇ.

ನಾನು: ಶೇಕಡ 65 ಎಂದರೆ ಕಾರ್ಡು ಕೆಲಸವಿಲ್ಲದೆ ಕೂತಿದೆ ಎಂದು ಅರ್ಥ. ಅದಕ್ಕೆ ಕೆಲಸ ಹಂಚುವ ಪ್ರೊಸೆಸರ್ ಸೋತಿದೆ. ನಿನ್ನದು ರೈಜೆನ್ 5 3600, 2019ರದು. ಈ ಸ್ಥಿತಿಯಲ್ಲಿ 5060 ಅಲ್ಲ, 5090 ಹಾಕಿದರೂ ಆ ಆಟದಲ್ಲಿ ಫ್ರೇಮ್ ಹೆಚ್ಚಾಗುವುದಿಲ್ಲ. ಅದೇ ಬಿ450 ಬೋರ್ಡಿಗೆ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ನವೀಕರಿಸಿದರೆ 5000 ಸರಣಿಯ ರೈಜೆನ್ ಕೂರುತ್ತದೆ. ಬೋರ್ಡು, ರ‍್ಯಾಮ್ ಯಾವುದನ್ನೂ ಬದಲಿಸಬೇಕಿಲ್ಲ. ಇನ್ನೊಂದು: ಡಿಎಲ್‌ಎಸ್‌ಎಸ್ 4ರಲ್ಲಿ ಚಿತ್ರವನ್ನು ಚೊಕ್ಕ ಮಾಡುವ ಹೊಸ ಟ್ರಾನ್ಸ್‌ಫಾರ್ಮರ್ ಮಾದರಿ 20ರ ಸರಣಿಯಿಂದ ಈಚಿನ ಎಲ್ಲ ಆರ್‌ಟಿಎಕ್ಸ್ ಕಾರ್ಡುಗಳಿಗೂ ಸಿಗುತ್ತದೆ. ಎನ್‌ವಿಡಿಯಾ ಆ್ಯಪ್‌ನಲ್ಲಿ ಆರಿಸಿಕೋ. ನಿನ್ನ ಕಾರ್ಡಿಗೆ ಸ್ವಲ್ಪ ಭಾರವಾಗಬಹುದು, ಚಿತ್ರ ಮಾತ್ರ ಎದ್ದು ಕಾಣುವಷ್ಟು ಸುಧಾರಿಸುತ್ತದೆ. ಅದಕ್ಕೆ ದುಡ್ಡಿಲ್ಲ.

ಭಾವ: ಆಟದ ಮಾತು ಒಪ್ಪುತ್ತೇನೆ. ಆದರೆ ಬ್ಲೆಂಡರ್ ರೆಂಡರ್ ಮಾಡುವುದು ಕಾರ್ಡೇ, ಅಲ್ಲಿ ಪ್ರೊಸೆಸರ್ ನೆಪ ನಡೆಯುವುದಿಲ್ಲ. 5060 ಟಿಐ 16 ಜಿಬಿ ತೆಗೆದುಕೊಂಡರೆ ಮೆಮೊರಿ 12ರಿಂದ 16 ಆಗುತ್ತದೆ, ವೇಗ 3060ಕ್ಕಿಂತ ಒಂದೂವರೆ ಪಟ್ಟಿನ ಮೇಲೆ. 170 ವ್ಯಾಟ್ ಹೋಗಿ 180 ಆಗುತ್ತದೆ, ಅಷ್ಟೇ. ಇಲ್ಲದಿದ್ದರೆ ಈ ತಿಂಗಳು ಬಂದ, ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿಯ 9060 ಎಕ್ಸ್‌ಟಿ 16 ಜಿಬಿ ಇದೆ. 349 ಡಾಲರ್, ಲೇನ್ ಕೂಡ ಹದಿನಾರು. ನಿನ್ನ ಪಿಸಿಐಇ ತಕರಾರೂ ಮುಗಿಯಿತು.

ನಾನು: ಆಟಕ್ಕಾದರೆ ನಾನೂ 9060 ಎಕ್ಸ್‌ಟಿಯನ್ನೇ ಹೇಳುತ್ತಿದ್ದೆ. ಆದರೆ ಬ್ಲೆಂಡರಿನಲ್ಲಿ ರೆಂಡರ್ ಮಾಡುವ ಭಾಗವಾದ ಸೈಕಲ್ಸ್‌ನಲ್ಲಿ ಎನ್‌ವಿಡಿಯಾದ ಆಪ್ಟಿಕ್ಸ್ ತಂತ್ರ ವೇಗದಲ್ಲಿ ಇನ್ನೂ ಮುಂದಿದೆ. 5060 ಟಿಐ ವಿಷಯದಲ್ಲಿ ನನ್ನ ವಿರೋಧವಿಲ್ಲ, ಪೆಟ್ಟಿಗೆಯ ಮೇಲೆ 16 ಎಂದು ಬರೆದಿರಬೇಕು. ಅದೇ ಹೆಸರಿನಲ್ಲಿ 8 ಜಿಬಿಯದನ್ನೂ ಮಾರುತ್ತಿದ್ದಾರೆ. ಅಂಗಡಿಯವರು ‘ಎರಡೂ ಒಂದೇ ಸರ್’ ಎನ್ನುತ್ತಾರೆ.

ಚಿಕ್ಕಪ್ಪ: 16ರದಕ್ಕೆ ಎಷ್ಟು?

ಪುಟ್ಟ: ಪಟ್ಟಿಯಲ್ಲಿ 48,000.

ಚಿಕ್ಕಪ್ಪ: ಮೂವತ್ತು ಸಾವಿರದ ಮೇಲೆ ನಾನು ಕೊಡುವುದಿಲ್ಲ. ಅದರಲ್ಲಿ ಪ್ರೊಸೆಸರ್ ಕೊಳ್ಳುತ್ತೀಯೋ, ಹಳೆಯ ಕಾರ್ಡು ಮಾರಿ ಸೇರಿಸುತ್ತೀಯೋ, ನಿನಗೆ ಬಿಟ್ಟದ್ದು. ಪ್ರಾಜೆಕ್ಟ್ ಕೊಡುವ ದಿನ ಯಾವುದು?

ಪುಟ್ಟ: ನವೆಂಬರ್.

ಭಾವ: ಹಾಗಾದರೆ ಈಗಲೇ ಕಾರ್ಡು.

ನಾನು: ಹಾಗಾದರೆ ಈಗ ಪ್ರೊಸೆಸರ್. 10.4 ಜಿಬಿ ಹನ್ನೆರಡರೊಳಗೇ ಇದೆ, ರೆಂಡರ್ ರಾತ್ರಿ ಮುಗಿಯುತ್ತಲೂ ಇದೆ. ಕಾರ್ಡಿನ ಬೆಲೆ ದೀಪಾವಳಿ ಹೊತ್ತಿಗೆ ಏನಾಗುತ್ತದೋ ನೋಡೋಣ.

ಭಾವ: ರಾತ್ರಿ ಮುಗಿಯುತ್ತದೆ ಎನ್ನುವುದೂ ಒಂದು ವಾದವೇ? ತಪ್ಪು ಕಂಡರೆ ಮತ್ತೆ ಒಂದು ರಾತ್ರಿ.

ಪುಟ್ಟ: ಅಂಗಡಿಗೆ ಫೋನ್ ಮಾಡಿದೆ. ರೈಜೆನ್ 5700ಎಕ್ಸ್ ಪ್ರೊಸೆಸರ್ ಇದೆಯಂತೆ. ಮೊದಲು ಅದನ್ನು ತರುತ್ತೇನೆ. ಉಳಿದ ದುಡ್ಡು ಅಪ್ಪನ ಹತ್ತಿರವೇ ಇರಲಿ, ಕಾರ್ಡಿಗೆ.

ಚಿಕ್ಕಪ್ಪ: ಉಳಿದದ್ದು ಕಾರ್ಡಿಗೆ ಎಂದು ನಾನು ಹೇಳಿಲ್ಲ.

ನಾನು: ಪುಟ್ಟ, ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಕೂತಿರುವಾಗಲೇ ಬಯೋಸ್ ನವೀಕರಿಸು. ಮೊದಲೇ ಕಿತ್ತರೆ ಹೊಸದು ಏಳುವುದಿಲ್ಲ. ನಡುವೆ ಕರೆಂಟ್ ಹೋಗಬಾರದು, ಯುಪಿಎಸ್‌ಗೆ ಹಾಕಿ ಮಾಡು. ಬೋರ್ಡಿನ ಪೂರ್ತಿ ಹೆಸರು ಕಳುಹಿಸು, ಯಾವ ಫೈಲ್ ಎಂದು ನಾನು ಹೇಳುತ್ತೇನೆ.