ಮಳೆ ಅಷ್ಟೇ, ಕಾಡು ಮಾತ್ರ ಬೇರೆ

ಎಲ್ಲರಿಗೂ ನಮಸ್ಕಾರ. ಅಣ್ಣನ ಮಗಳು ನಿನ್ನೆ ಗುಂಪಿನಲ್ಲಿ ಕೇಳಿದ ಪ್ರಶ್ನೆ ಹಾಗೆಯೇ ಉಳಿದುಹೋಗಿರುವುದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ, ಬಿಡುವಾದಾಗ ಕೇಳಿಸಿಕೊಳ್ಳಿ. ಸಹಾರಾದಲ್ಲೂ ಆರ್ಕ್‌ಟಿಕ್‌ನ ಬಹುಪಾಲು ಟಂಡ್ರಾದಲ್ಲೂ, ಅಂದರೆ ಮರವಿಲ್ಲದ ಚಳಿ ಬಯಲಿನಲ್ಲೂ, ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಎಂದು ಪುಸ್ತಕದಲ್ಲಿದೆ, ಹಾಗಿದ್ದ ಮೇಲೆ ಒಂದು ಮರುಭೂಮಿಯೂ ಇನ್ನೊಂದು ಜೌಗು ನೆಲವೂ ಆದದ್ದು ಹೇಗೆ ಎಂಬುದು ಅವಳ ಪ್ರಶ್ನೆ. ಉಷ್ಣಾಂಶ ಮತ್ತು ಮಳೆಯ ಕೋಷ್ಟಕ ನೋಡಿದರೆ ಯಾವ ಬಯೋಮ್, ಅಂದರೆ ಕಾಡು, ಹುಲ್ಲುಗಾವಲು, ಮರುಭೂಮಿಯಂಥ ಜೀವವಲಯ, ಎಲ್ಲಿದೆ ಎಂದು ತಾನಾಗಿಯೇ ತಿಳಿಯುತ್ತದೆ ಎಂದು ಚಿಕ್ಕಪ್ಪ ಹೇಳಿದ್ದರು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ನೋಡಮ್ಮಾ, ಮಳೆಯ ಅಂಕಿಯೊಂದನ್ನೇ ಹಿಡಿದುಕೊಂಡು ಒಂದು ಪ್ರದೇಶದ ಸಸ್ಯವರ್ಗವನ್ನು ಊಹಿಸುವುದು, ಖರ್ಚು ಎಷ್ಟೆಂದು ಕೇಳದೆ ವರಮಾನ ಮಾತ್ರ ನೋಡಿ ಮನೆಯ ಸ್ಥಿತಿ ಹೇಳಿದಂತಾಗುತ್ತದೆ. ಸಹಾರಾದ ಬಿಸಿಲು ಮತ್ತು ಒಣಗಾಳಿಗೆ ವರ್ಷವೊಂದರಲ್ಲಿ 2,000 ಮಿಲಿಮೀಟರಿಗೂ ಹೆಚ್ಚು ನೀರನ್ನು ಆವಿ ಮಾಡುವ ಶಕ್ತಿಯಿದೆ, ಅಲ್ಲಿ ಬೀಳುವ ಹನಿ ನೆಲಕ್ಕಿಳಿಯುವ ಮೊದಲೇ ಲೆಕ್ಕ ಮುಗಿದಿರುತ್ತದೆ. ಅಲಾಸ್ಕಾದ ಉತ್ತರ ತುದಿಯ ಉಟ್ಕಿಯಾಗ್ವಿಕ್‌ನಲ್ಲಿಯೂ ಮಳೆ ಮತ್ತು ಹಿಮ ಸೇರಿ ಬೀಳುವ ನೀರು 250ಕ್ಕಿಂತ ಎಷ್ಟೋ ಕಡಿಮೆ. ಆದರೆ ಜುಲೈ ತಿಂಗಳ ಸರಾಸರಿ ಉಷ್ಣಾಂಶವೇ ಅಲ್ಲಿ ಸುಮಾರು 5 ಡಿಗ್ರಿ ಸೆಲ್ಸಿಯಸ್ ಆಗಿರುವುದರಿಂದ ಆವಿಯಾಗುವುದು ಅಲ್ಪ, ಇಂಗಿ ಹೋಗೋಣವೆಂದರೆ ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿದ ಪರ್ಮಾಫ್ರಾಸ್ಟ್ ಎಂಬ ನೆಲ. ಬೇಸಿಗೆಯಲ್ಲಿ ಮೇಲಿನ ತೆಳುಪದರ ಮಾತ್ರ ಕರಗುತ್ತದೆ, ನೀರು ಅದರಲ್ಲೇ ನಿಂತು ಸಾವಿರಾರು ಹೊಂಡಗಳಾಗುತ್ತದೆ. ಇಷ್ಟು ನೀರಿದ್ದೂ ಮರ ಬೆಳೆಯದಿರುವುದಕ್ಕೆ ಕಾರಣ ಚಳಿ: ಅತಿ ಬೆಚ್ಚಗಿನ ತಿಂಗಳ ಸರಾಸರಿ 10 ಡಿಗ್ರಿಯನ್ನು ಮುಟ್ಟದ ಕಡೆ ಸಾಮಾನ್ಯವಾಗಿ ಮರ ತಲೆಯೆತ್ತುವುದಿಲ್ಲ.

ಇನ್ನೂ ವಿಚಿತ್ರವಾದ ಉದಾಹರಣೆ ಸೈಬೀರಿಯಾದ ಯಾಕುಟ್ಸ್ಕ್. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 240 ಮಿಲಿಮೀಟರು, ಕೆಳಗೆ ಅದೇ ಪರ್ಮಾಫ್ರಾಸ್ಟ್, ಜನವರಿಯ ಸರಾಸರಿ ಸೊನ್ನೆಗಿಂತ ಸುಮಾರು 38 ಡಿಗ್ರಿ ಕೆಳಗೆ. ಆದರೂ ಜುಲೈಯಲ್ಲಿ ಸರಾಸರಿ 19 ಡಿಗ್ರಿಯ ಆಸುಪಾಸಿಗೆ ಏರುವುದರಿಂದ ಊರಿನ ಸುತ್ತ ಲಾರ್ಚ್ ಮರಗಳ ಕಾಡೇ ಇದೆ. ಲಾರ್ಚ್ ಪೈನ್‌ನ ಬಂಧುವಾದರೂ ಚಳಿಗಾಲಕ್ಕೆ ಮುನ್ನ ಸೂಜಿಯಂಥ ತನ್ನ ಎಲೆಗಳನ್ನೆಲ್ಲ ಉದುರಿಸಿಬಿಡುತ್ತದೆ. ಹೆಪ್ಪುಗಟ್ಟಿದ ನೆಲದಿಂದ ನೀರು ಸಿಗದ ತಿಂಗಳುಗಳಲ್ಲಿ ಎಲೆಗಳ ಮೂಲಕ ಅದನ್ನು ಕಳೆದುಕೊಳ್ಳುವ ಗೊಡವೆಯೇ ಇಲ್ಲ.

ಬಿಸಿಲಿನ ಈ ಖರ್ಚನ್ನು ಲೆಕ್ಕಕ್ಕೆ ತಂದವರಲ್ಲಿ ಪ್ರಮುಖರು ಸಸ್ಯಶಾಸ್ತ್ರದ ಹಿನ್ನೆಲೆಯ ಹವಾಮಾನ ವಿಜ್ಞಾನಿ ವ್ಲಾಡಿಮಿರ್ ಕೊಪ್ಪೆನ್. ಅವರ ವರ್ಗೀಕರಣದ ಇಂದಿನ ರೂಪದಲ್ಲಿ ಒಂದು ಸರಳ ಸೂತ್ರವಿದೆ, ಕಾಗದದ ಮೇಲೆ ನೀನೇ ಮಾಡಿ ನೋಡಬಹುದು. ವರ್ಷದ ಸರಾಸರಿ ಉಷ್ಣಾಂಶವನ್ನು 20ರಿಂದ ಗುಣಿಸಬೇಕು. ಮಳೆಯ ಶೇಕಡಾ 70ರಷ್ಟಾದರೂ ಬೇಸಿಗೆಯ ಆರು ತಿಂಗಳಲ್ಲಿ ಬೀಳುವುದಾದರೆ ಅದಕ್ಕೆ 280 ಕೂಡಿಸಬೇಕು, ಚಳಿಗಾಲದ ಆರು ತಿಂಗಳಲ್ಲಿ ಬೀಳುವುದಾದರೆ ಏನನ್ನೂ ಕೂಡಿಸಬಾರದು, ಎರಡೂ ಅಲ್ಲದಿದ್ದರೆ 140 ಕೂಡಿಸಬೇಕು. ಬಂದ ಉತ್ತರಕ್ಕಿಂತ ಕಡಿಮೆ ಮಿಲಿಮೀಟರು ಮಳೆಯಾದರೆ ಅದು ಒಣ ಪ್ರದೇಶ, ಅದರ ಅರ್ಧಕ್ಕಿಂತಲೂ ಕಡಿಮೆಯಾದರೆ ಮರುಭೂಮಿ. ಈಗ 300 ಮಿಲಿಮೀಟರು ಮಳೆಯ ಎರಡು ಸ್ಥಳಗಳನ್ನು ಊಹಿಸಿಕೊ. ಸರಾಸರಿ 25 ಡಿಗ್ರಿಯಿದ್ದು ಬೇಸಿಗೆಯಲ್ಲಿ ಮಳೆಯಾಗುವ ಕಡೆ ಗಡಿ 780ಕ್ಕೆ ಬರುತ್ತದೆ, ಅರ್ಧವೆಂದರೆ 390, ಆದ್ದರಿಂದ ಅದು ಮರುಭೂಮಿ. ಸರಾಸರಿ 5 ಡಿಗ್ರಿಯಿದ್ದು ಮಳೆ ವರ್ಷವಿಡೀ ಹಂಚಿಹೋಗಿರುವ ಕಡೆ ಗಡಿ 240 ಮಾತ್ರ, ಆ ಸ್ಥಳ ಒಣ ಪ್ರದೇಶದ ಪಟ್ಟಿಗೇ ಸೇರುವುದಿಲ್ಲ. ನನ್ನ ಮಟ್ಟಿಗೆ ಪಾಠದ ಪುಸ್ತಕಗಳು 250 ಮಿಲಿಮೀಟರಿಗಿಂತ ಕಡಿಮೆ ಮಳೆಯಾದರೆ ಮರುಭೂಮಿ ಎಂಬ ಗೆರೆ ಎಳೆದು ಸುಮ್ಮನಾಗುವ ಬದಲು ಈ ಸೂತ್ರವನ್ನೇ ಕೊಡಬಹುದಿತ್ತು.

ಸಹಾರಾದಲ್ಲಿ ಮಳೆಯೇ ಏಕಿಲ್ಲ ಎನ್ನುವುದು ಬೇರೆ ಪ್ರಶ್ನೆ, ಚುಟುಕಾಗಿ ಹೇಳುತ್ತೇನೆ. ಸಮಭಾಜಕ ವೃತ್ತದ ಬಳಿ ಕಾದು ಮೇಲೇರಿದ ಗಾಳಿ ಅಲ್ಲೇ ಮಳೆ ಸುರಿಸಿ, ಸುಮಾರು 30 ಡಿಗ್ರಿ ಅಕ್ಷಾಂಶದ ಹತ್ತಿರ ಒಣಗಿದ ಗಾಳಿಯಾಗಿ ಕೆಳಗಿಳಿಯುತ್ತದೆ. ಹಾಗೆ ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಅಟಕಾಮಾ ಮತ್ತು ನಮೀಬ್ ಮರುಭೂಮಿಗಳಿಗೆ ಇದರ ಜೊತೆಗೆ ಕರಾವಳಿಯ ಶೀತಪ್ರವಾಹಗಳ ಪಾಲೂ ಸೇರಿದೆ.

ಸೂತ್ರದಲ್ಲಿ ಋತುವನ್ನು ಕೇಳುವುದೇಕೆ ಎಂಬುದಕ್ಕೆ ರೋಮ್ ಮತ್ತು ಲಂಡನ್ ನಗರಗಳನ್ನು ನೋಡಬೇಕು. ವರ್ಷದ ಒಟ್ಟು ಮಳೆ ರೋಮ್‌ನಲ್ಲೇ ಹೆಚ್ಚು, ಸುಮಾರು 800 ಮಿಲಿಮೀಟರು. ಲಂಡನ್‌ನಲ್ಲಿ ಸುಮಾರು 600. ಆದರೆ ರೋಮ್‌ನ ಮಳೆ ಹೆಚ್ಚಾಗಿ ಬೀಳುವುದು ಚಳಿಯ ಕಾಲದಲ್ಲಿ. ಬಿಸಿಲು ಜೋರಾಗಿ ಗಿಡಕ್ಕೆ ಬಾಯಾರಿಕೆ ಹೆಚ್ಚಿರುವ ಜುಲೈಯಲ್ಲಿ ಅಲ್ಲಿ ಆಕಾಶ ಬರಿದು. ಆದ್ದರಿಂದ ಲಂಡನ್‌ನ ಸುತ್ತ ಸಹಜವಾಗಿ ಬೆಳೆಯುವುದು ಅಗಲ ಎಲೆಯ, ಚಳಿಗಾಲದಲ್ಲಿ ಎಲೆಯುದುರಿಸುವ ಮರಗಳು, ರೋಮ್‌ನ ಕಡೆ ಚರ್ಮದಂತೆ ಬಿರುಸಾದ ಸಣ್ಣ ಎಲೆಯ ನಿತ್ಯಹಸಿರು ಗಿಡಮರಗಳು. ಕ್ಯಾಲಿಫೋರ್ನಿಯಾ, ಮಧ್ಯ ಚಿಲಿ, ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶ, ಆಸ್ಟ್ರೇಲಿಯಾದ ನೈರುತ್ಯ ಭಾಗ, ಇಲ್ಲೆಲ್ಲ ಮಳೆಯ ಕಾಲ ಅದೇ ರೀತಿಯದು. ಪರಸ್ಪರ ನಂಟಿಲ್ಲದ ಸಸ್ಯಕುಲಗಳು ಅಲ್ಲೆಲ್ಲ ಅಂಥದೇ ಎಲೆಯನ್ನು ರೂಢಿಸಿಕೊಂಡಿವೆ.

ಇನ್ನು ಚಿಕ್ಕಪ್ಪನವರ ಮಾತು. ಅವರ ಕೋಷ್ಟಕ ಬಹಳಷ್ಟು ಕಡೆ ನಡೆಯುತ್ತದೆ, ಉಷ್ಣವಲಯದಲ್ಲಿ ಮಾತ್ರ ಕೈಕೊಡುತ್ತದೆ. ವರ್ಷಕ್ಕೆ 1,000ದಿಂದ 2,000 ಮಿಲಿಮೀಟರು ಮಳೆ ಬೀಳುವ ಎಷ್ಟೋ ಪ್ರದೇಶಗಳಲ್ಲಿ ಮುಚ್ಚಿಕೊಂಡ ಕಾಡೂ ಇದೆ, ಸವನ್ನಾ ಹುಲ್ಲುಗಾವಲೂ ಇದೆ. ಒಣಗಿದ ಹುಲ್ಲು ಬೆಂಕಿಯನ್ನು ಹಬ್ಬಿಸುತ್ತದೆ, ಬೆಂಕಿ ಎಳೆಯ ಮರಗಳನ್ನು ಸುಡುತ್ತದೆ, ಮರದ ನೆರಳಿಲ್ಲದ ಕಡೆ ಮತ್ತೆ ಹುಲ್ಲೇ ಬೆಳೆಯುತ್ತದೆ. ಕಾಡು ಒಮ್ಮೆ ದಟ್ಟವಾದರೆ ಹುಲ್ಲಿಗೆ ಬಿಸಿಲು ಸಿಗದೆ ಬೆಂಕಿ ಒಳಗೆ ನುಗ್ಗುವುದೂ ಕಷ್ಟ. ದಕ್ಷಿಣ ಆಫ್ರಿಕಾದ ಕ್ರೂಗರ್ ಅಭಯಾರಣ್ಯದಲ್ಲಿ 1954ರಿಂದ ಕೆಲವು ತುಂಡು ನೆಲಗಳಿಗೆ ಗೊತ್ತಾದ ಅವಧಿಗೊಮ್ಮೆ ಬೆಂಕಿ ಹಾಕುತ್ತಲೂ ಪಕ್ಕದ ಕೆಲವನ್ನು ಬೆಂಕಿಯಿಂದ ಕಾಯುತ್ತಲೂ ಬಂದಿದ್ದಾರೆ. ಹೆಚ್ಚು ಮಳೆಯ ಭಾಗದಲ್ಲಿ ಕಾಯ್ದ ತುಂಡುಗಳಲ್ಲಿ ಮರಗಳು ಒತ್ತಾಗಿ ಬೆಳೆದಿವೆ, ಸುಟ್ಟ ತುಂಡುಗಳಲ್ಲಿ ಹುಲ್ಲೇ ಮುಂದಿದೆ, ಎರಡರ ಮೇಲೂ ಬೀಳುವುದು ಒಂದೇ ಮಳೆ.