ಬೆಂಕಿ ಉಂಡೆ ನೋಡಿದವರು ಮೊದಲು ದಿಕ್ಕು ಬರೆದಿಡಿ

ಚಿಕ್ಕಪ್ಪ, ನಿಮ್ಮ ವಾಯ್ಸ್ ಕೇಳಿದೆ. ಮಂಡ್ಯದ ತಾರಸಿಯಿಂದ ರಾತ್ರಿ ಈಶಾನ್ಯಕ್ಕೆ ಕಂಡ ಹಸಿರು ಬೆಂಕಿ ಉಂಡೆ ಮದ್ದೂರು ಕಡೆ ಕಬ್ಬಿನ ಗದ್ದೇಲೇ ಬಿತ್ತು, ಹುಡುಗರನ್ನ ಕರ್ಕೊಂಡು ಹುಡುಕ್ತೀನಿ ಅಂದ್ರಲ್ಲ, ಸುಮ್ನಿರಿ, ಅಲ್ಲಿ ಬಿದ್ದಿರಲ್ಲ. ಉಲ್ಕೆ ಹೊತ್ಕೊಳ್ಳೋದೇ ಸುಮಾರು 100 ಕಿಲೋಮೀಟರ್ ಮೇಲೆ. ಕಲ್ಲು ಉಳಿಯೋವಂಥ ದೊಡ್ಡದೂ ಸಾಮಾನ್ಯವಾಗಿ 20–30 ಕಿಲೋಮೀಟರ್ ಎತ್ತರದಲ್ಲೇ ವೇಗ ಕಳ್ಕೊಂಡು ಆರೋಗುತ್ತೆ. ಆಮೇಲೆ ಬೀಳೋದು ಕತ್ತಲಲ್ಲಿ, ಕಣ್ಣಿಗೆ ಕಾಣಲ್ಲ. ನೀವಂದಂಗೆ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಆರಿದ್ರೆ ಅದು 15 ಡಿಗ್ರಿ. ಎತ್ತರ 25 ಕಿಲೋಮೀಟರ್ ಅಂತ ಹಿಡಿದ್ರೂ ನಿಮ್ಮಿಂದ 90 ಕಿಲೋಮೀಟರ್ ದಾಟ್ತು. ಮದ್ದೂರಲ್ಲ, ಹೆಚ್ಚೂಕಮ್ಮಿ ಬೆಂಗಳೂರಿನ ನೆತ್ತಿ.

ಈಗ ಮಾಡ್ಬೇಕಾದ್ದು ಇದು. ನೋಡಿದವರು ಒಬ್ಬರ ಮೆಸೇಜ್ ಇನ್ನೊಬ್ಬರು ಕೇಳೋಕೆ ಮುಂಚೆ ಬೇರೆಬೇರೆಯಾಗಿ ಬರೆದಿಡಿ. ಗ್ರೂಪಲ್ಲಿ ಚರ್ಚೆ ಆದ್ಮೇಲೆ ಎಲ್ಲರಿಗೂ ಒಂದೇ ಥರ ನೆನಪಾಗುತ್ತೆ, ಅದು ಯಾವ ಲೆಕ್ಕಕ್ಕೂ ಬರಲ್ಲ. ನಿಂತಿದ್ದ ಜಾಗದಲ್ಲೇ ಮತ್ತೆ ನಿಂತ್ಕೊಳ್ಳಿ. ತೆಂಗಿನಮರ, ನೀರಿನ ಟ್ಯಾಂಕ್, ಯಾವುದರ ಪಕ್ಕ ಶುರುವಾಯ್ತು, ಯಾವುದರ ಮೇಲೆ ಆರ್ತು ನೋಡಿ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದ್ರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಮುಷ್ಟಿ ಮೇಲೆ ಮುಷ್ಟಿ ಇಟ್ಟು ಎಣಿಸಿ. ದಿಕ್ಕಿಗೆ ಮೊಬೈಲ್ ಕಂಪಾಸ್ ಸಾಕು, ಆದ್ರೆ ಗೇಟು, ಬೈಕು, ತಗಡಿನ ಶೀಟ್ ಹತ್ರ ಹಿಡೀಬೇಡಿ, ಮುಳ್ಳು ತಿರುಗೋಗುತ್ತೆ. ಎಷ್ಟು ಹೊತ್ತು ಕಾಣ್ತು ಅನ್ನೋದನ್ನ ಅಂದಾಜಲ್ಲಿ ಹೇಳ್ಬೇಡಿ, ಎಲ್ಲರೂ ಜಾಸ್ತೀನೇ ಹೇಳೋದು. ಬೆರಳಲ್ಲಿ ಅದೇ ದಾರಿ ಅದೇ ವೇಗದಲ್ಲಿ ತೋರಿಸಿ, ಪಕ್ಕದವರು ಸ್ಟಾಪ್‌ವಾಚ್ ಒತ್ತಲಿ. ಅರ್ಧ ನಿಮಿಷ ದಾಟಿದ್ರೆ, ನಿಧಾನವಾಗಿ ಚೂರಾಗ್ತಾ ಹೋಗಿದ್ರೆ, ಅದು ಉಲ್ಕೆಗಿಂತ ಹಳೇ ರಾಕೆಟ್ಟೋ ಉಪಗ್ರಹದ ಚೂರೋ ಆಗಿರೋ ಸಾಧ್ಯತೆ ಹೆಚ್ಚು.

ಅತ್ತೆ, ಬೆಳಕಿನ ಜೊತೆಗೇ ಢಂ ಅಂತು ಅಂದ್ರಲ್ಲ, ಅದು ಯಾರೋ ಹೊಡೆದ ಪಟಾಕಿ ಇರ್ಬೇಕು. ಅಷ್ಟು ದೂರದಿಂದ ಸದ್ದು ಬರೋಕೆ 5 ನಿಮಿಷ ಬೇಕು, ಬಂದ್ರೆ. ಹತ್ತಿರ ಸಿಡಿದ್ರೂ ಒಂದೆರಡು ನಿಮಿಷ ತಡ. ಅದಕ್ಕೇ ಭಾರೀ ಬೆಳಕು ಕಂಡ್ರೆ ಕಿಟಕಿ ಗಾಜಿನ ಹತ್ರ ಹೋಗ್ಬಾರದು. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಉಲ್ಕೆ ಸಿಡಿದಾಗ ಸಾವಿರಕ್ಕೂ ಹೆಚ್ಚು ಜನಕ್ಕೆ ಗಾಯ ಆಗಿದ್ದು ಬಹುಪಾಲು ತಡವಾಗಿ ಬಂದ ಆ ಸದ್ದಿನ ಹೊಡೆತಕ್ಕೆ ಒಡೆದ ಗಾಜಿಂದ.

ಸಿಸಿಟಿವಿ ಇದ್ದವರು ಇವತ್ತೇ ಕಾಪಿ ತೆಗೀರಿ, ಕೆಲವೇ ದಿನಕ್ಕೆ ಅದರ ಮೇಲೇ ಹೊಸದು ರೆಕಾರ್ಡ್ ಆಗೋಗುತ್ತೆ. ಅದರ ಗಡಿಯಾರ ಮೊಬೈಲ್‌ಗಿಂತ ಎಷ್ಟು ಹಿಂದೆ ಮುಂದೆ ಇದೆ ಅಂತಾನೂ ಬರ್ಕೊಳ್ಳಿ.

ಯಾರಾದ್ರೂ ಕಪ್ಪು ಕಲ್ಲು ತಂದು ತೋರಿಸಿದ್ರೆ ಮುರಿದ ಕಡೆ ನೋಡಿ. ಗುಳ್ಳೆಗುಳ್ಳೆ ತೂತಿದ್ರೆ ಹೆಚ್ಚಾಗಿ ಕುಲುಮೆ ಕಿಟ್ಟ. ಮೇಲೆ ತೆಳ್ಳಗೆ ಸುಟ್ಟ ಕಪ್ಪು ಪದರ, ಒಳಗೆ ಬೂದು, ಗಾತ್ರಕ್ಕೆ ಮೀರಿದ ತೂಕ ಇದ್ರೆ ಯೋಚಿಸ್ಬೇಕು. ತೊಳೀಬೇಡಿ, ಮ್ಯಾಗ್ನೆಟ್ ಅಂಟಿಸ್ಬೇಡಿ, ಕಲ್ಲಲ್ಲಿರೋ ಹಳೇ ಕಾಂತತೆ ಅಳಿಸೋಗುತ್ತೆ. ಸಿಕ್ಕಿದ ಜಾಗದ ಫೋಟೋ ತೆಗೆದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರಿಗೆ ತಿಳಿಸಿ.

ಮೈಸೂರಿನವರು ಯಾರಾದ್ರೂ ನೋಡಿದ್ರಾ? ಒಂದೇ ಊರಿನ ದಿಕ್ಕಿಂದ ದೂರ ಸಿಗಲ್ಲ, ಎರಡು ಊರಿನ ಗೆರೆ ಎಲ್ಲಿ ಕೂಡುತ್ತೆ ಅಂತ ನೋಡ್ಬೇಕು. ಚಾಮುಂಡಿ ಬೆಟ್ಟಕ್ಕೆ ಎಡಕ್ಕೋ ಬಲಕ್ಕೋ, ನೀವು ಯಾವ ಬಡಾವಣೆಯಿಂದ ನೋಡಿದ್ದು, ಇಷ್ಟು ಕಳಿಸಿ. ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆಯ ಫಾರ್ಮ್ ನೋಡಿದವರೊಬ್ಬೊಬ್ಬರೂ ಬೇರೆಯಾಗೇ ತುಂಬಿ, ಮನೆಗೊಂದು ಅಂತ ಬೇಡ.